ಹೊಲೊಗ್ರಾಂ ಅಗ್ಗ, ಹೊಲೊಗ್ರಾಂ ಟಿ.ವಿ. ತುಟ್ಟಿ – ಯಾಕೆ?



ಬಿ.ಕಾಂ. ಓದುವವನಿಗೆ ಲೇಸರ್ ಕಿರಣದ ಗೊಡವೆ ಯಾಕಪ್ಪ ಎಂದು ನಮ್ಮ ಸಂಘದ ಗೆಳೆಯರೊಬ್ಬರು ಕೇಳಿದರು. 60,000 ರೂಪಾಯಿಯ ಗೊಡವೆ ಎಂದು ಹೇಳಿದೆ. ಅದು ನನ್ನ ದುಡ್ಡಲ್ಲ, ನಮ್ಮ ಸೋದರಮಾವನದು. ಕಾಚಿಗೂಡದಲ್ಲಿ ಅವನ ಸಣ್ಣ ಡೆಕೋರೇಶನ್ ಅಂಗಡಿ ಇದೆ. ಮದುವೆ, ಮುಂಜಿವೆ, ಗಣೇಶನ ಪೆಂಡಾಲು, ಹೀಗೆ ಎರಡು ಆಳು ಇಟ್ಟುಕೊಂಡು ನಡೆಸುವ ಕಸುಬು. ಅವನ ಹತ್ತಿರ ಒಬ್ಬ ವ್ಯಾಪಾರಿ ಬಂದು, ಇನ್ನು ಮುಂದೆ ಹೂವಿನ ಅಲಂಕಾರ ಯಾರೂ ಕೇಳೋದಿಲ್ಲ, ವೇದಿಕೆ ಮೇಲೆ ಗಾಳಿಯಲ್ಲಿ ಮದುಮಕ್ಕಳು ನಿಂತು ಕೈಮುಗಿಯುವ ಹಾಗೆ ಕಾಣಿಸುವ ಯಂತ್ರ ಬಂದಿದೆ ಎಂದು ಹೇಳಿದ. ಮಾವ ಮುಂಗಡ ಕೊಟ್ಟುಬಿಟ್ಟ. ರಸೀತಿಯಲ್ಲಿ ಬರೆದದ್ದು ಇಷ್ಟು: ಹೊಲೊಗ್ರಾಫಿಕ್ ವಿಡಿಯೋ ಡಿಸ್‌ಪ್ಲೇ ಯಂತ್ರ 1, ಬೆಲೆ 4,80,000, ಮುಂಗಡ 60,000.

ಆಮೇಲೆ ಮಾವನಿಗೆ ಹೊಟ್ಟೆಯೊಳಗೆ ಹುಳ ಬಿಟ್ಟ ಹಾಗೆ ಆಯಿತು. "ನೀ ಓದಿದಾಂವ ಇದ್ದಿ. ಇದು ಖರೇ ಅದ ಏನೋ ಇಲ್ಲೋ ನೋಡು" ಅಂದ. ನಾನು ಓದಿದ್ದು ಹತ್ತನೆಯ ತರಗತಿಯ ತನಕ ರಾಯಚೂರು ಜಿಲ್ಲೆಯ ಕನ್ನಡ ಶಾಲೆಯಲ್ಲಿ, ಈಗ ಓದುತ್ತಿರುವುದು ಜಮಾ-ಖರ್ಚು. ಬೆಳಕಿನ ವಿಷಯ ನನಗೆ ಅಷ್ಟಕ್ಕಷ್ಟೆ. ಆದರೂ ಮೂರು ತಿಂಗಳು ಬಿಡುವಿನ ವೇಳೆಯಲ್ಲಿ ಓದಿ, ಭೌತಶಾಸ್ತ್ರದ ಮೇಷ್ಟ್ರ ತಲೆ ತಿಂದು, ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಗ್ಗದ ಹೊಲೊಗ್ರಾಮನ್ನು ನೋಡೋಣ. ಅದನ್ನು ನೋಡದವರಿಲ್ಲ. ಬ್ಯಾಂಕಿನ ಕಾರ್ಡಿನ ಮೇಲೆ ಮಿನುಗುವ ಚೌಕವಿದೆಯಲ್ಲ, ಅದು ಹೊಲೊಗ್ರಾಂ. ಮಾಸ್ಟರ್‌ಕಾರ್ಡಿನವರು 1983ರಲ್ಲಿ ಅದನ್ನು ಕಾರ್ಡಿಗೆ ತಂದರು. ನಮ್ಮ ಹೈದರಾಬಾದಿನಲ್ಲಿ ಮದ್ಯದ ಬಾಟಲಿಯ ಮುಚ್ಚಳದ ಮೇಲೆ ಅಬಕಾರಿ ಇಲಾಖೆ ಅಂಟಿಸುವ ಚೀಟಿಯಲ್ಲೂ ಅದೇ ಇದೆ. (ನಾನು ನೋಡಿದ್ದು ರಸ್ತೆ ಬದಿ ಬಿದ್ದ ಖಾಲಿ ಬಾಟಲಿಯಲ್ಲಿ, ತಪ್ಪು ತಿಳಿಯಬೇಡಿ.) ಕುಡಿದು ಬಿಸಾಕುವ ಬಾಟಲಿಗೆ ಅಂಟಿಸುತ್ತಾರೆ ಅಂದ ಮೇಲೆ ಒಂದೊಂದರ ಖರ್ಚು ಪೈಸೆಗಳ ಲೆಕ್ಕದಲ್ಲೇ ಇರಬೇಕು.

ಅದು ಅಗ್ಗ ಆದದ್ದು ಹೇಗೆ ಎಂಬುದಕ್ಕೆ ನಮ್ಮ ಈ ಪತ್ರಿಕೆಯೇ ಉದಾಹರಣೆ. ಸೈಕ್ಲೋಸ್ಟೈಲ್ ಯಂತ್ರಕ್ಕೆ ಸ್ಟೆನ್ಸಿಲ್ ಕೊರೆಯುವುದು ಕಷ್ಟದ ಕೆಲಸ. ಒಂದು ಪುಟಕ್ಕೆ ಒಂದು ಗಂಟೆ, ತಪ್ಪಾದರೆ ಕೆಂಪು ದ್ರಾವಣ ಹಚ್ಚಿ ಊದುತ್ತಾ ಕೂರಬೇಕು. ಒಮ್ಮೆ ಕೊರೆದಾದ ಮೇಲೆ ಹಿಡಿಕೆ ತಿರುಗಿಸಿದರೆ ಸಾಕು, 200 ಪ್ರತಿ ಬಂದವು. ಹೊಲೊಗ್ರಾಂ ಚೀಟಿಯದೂ ಇದೇ ಕಥೆ. ಲೇಸರಿನಿಂದ ಮೂಲ ಅಚ್ಚನ್ನು ಒಂದು ಸಾರಿ ಮಾಡುತ್ತಾರೆ, ಅದರಿಂದ ನಿಕ್ಕಲ್ ಲೋಹದ ಅಚ್ಚು ತೆಗೆಯುತ್ತಾರೆ, ಆಮೇಲೆ ಪ್ಲಾಸ್ಟಿಕ್ ಹಾಳೆಯ ಮೇಲೆ ಒತ್ತುತ್ತಾ ಹೋಗುತ್ತಾರೆ. ನಮ್ಮ ಕಾಸ್ಟಿಂಗ್ ಪುಸ್ತಕದ ಭಾಷೆಯಲ್ಲಿ ಸ್ಥಿರ ವೆಚ್ಚ ಕೋಟಿ ಪ್ರತಿಗಳ ಮೇಲೆ ಹಂಚಿಹೋಗುತ್ತದೆ.

ಈಗ ಈ ಚಿತ್ರ ಅಲುಗಾಡಬೇಕು ಅನ್ನಿ. ಸೆಕೆಂಡಿಗೆ 30 ಚಿತ್ರ ಬದಲಾಗಬೇಕು. ಅಂದರೆ ಸೆಕೆಂಡಿಗೆ 30 ಹೊಸ ಸ್ಟೆನ್ಸಿಲ್ ಕೊರೆಯಬೇಕು, ಪ್ರತಿಯೊಂದರಿಂದ ಒಂದೇ ಒಂದು ಪ್ರತಿ ತೆಗೆದು ಹರಿದು ಬಿಸಾಕಬೇಕು! ಹಂಚಿಕೊಳ್ಳಲು ಪ್ರತಿಗಳೇ ಇಲ್ಲ. ನಾನು ಈ ವಿಷಯದಲ್ಲಿ ಮೊದಲು ಅರ್ಥ ಮಾಡಿಕೊಂಡದ್ದು ಇದನ್ನೇ. ಇದು ಅರ್ಥವಾದ ದಿನವೇ ವ್ಯಾಪಾರಿಯ ಮಾತಿನ ಮೇಲೆ ಸಂಶಯ ಬಂತು.

ಆ ಅಚ್ಚಿನಲ್ಲಿ ಅಂಥಾದ್ದೇನು ಇರುತ್ತದೆ? ಛಾಯಾಚಿತ್ರದಲ್ಲಿ ಬೆಳಕು ಎಲ್ಲಿ ಎಷ್ಟು ಬಿತ್ತು ಎಂಬುದು ಮಾತ್ರ ದಾಖಲಾಗುತ್ತದೆ. ಯಾವ ದಿಕ್ಕಿನಿಂದ ಬಂತು ಎಂಬುದು ಕಳೆದುಹೋಗುತ್ತದೆ. ಹಂಗೇರಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ಡೆನಿಸ್ ಗೇಬರ್ 1947ರಲ್ಲಿ ಇದಕ್ಕೊಂದು ಉಪಾಯ ಕಂಡರು. ವಸ್ತುವಿನಿಂದ ಬಂದ ಬೆಳಕಿನ ಅಲೆಯ ಜೊತೆಗೆ ಇನ್ನೊಂದು ನೇರ ಅಲೆಯನ್ನು ಬೆರೆಸಿದರೆ, ಎರಡೂ ಕೂಡಿದ ಕಡೆ ಬೆಳಕು, ಕಳೆದ ಕಡೆ ಕತ್ತಲು ಆಗಿ ಬಹಳ ಸೂಕ್ಷ್ಮವಾದ ಪಟ್ಟೆಗಳು ಬರುತ್ತವೆ. ನಮ್ಮ ಪಠ್ಯಪುಸ್ತಕದ ವ್ಯತಿಕರಣ ಇದೇ. ಆ ಪಟ್ಟೆಗಳ ಮೇಲೆ ಮತ್ತೆ ಬೆಳಕು ಬಿಟ್ಟರೆ ಅದು ಬಾಗಿ, ಮೊದಲಿನ ವಸ್ತುವಿನಿಂದ ಬಂದ ಹಾಗೆಯೇ ಹೊರಡುತ್ತದೆ. ಬಾಗುವುದಕ್ಕೆ ವಿವರ್ತನೆ ಎಂದು ಹೆಸರು. ವಸ್ತು ಇಲ್ಲ, ಆದರೆ ಅದರ ಬೆಳಕು ಇದೆ. ಕಣ್ಣಿಗೆ ಎರಡಕ್ಕೂ ವ್ಯತ್ಯಾಸವೇ ಗೊತ್ತಾಗದು. ಲೇಸರ್ ಬಂದದ್ದು 1960ರಲ್ಲಿ. ಅಮೆರಿಕದ ಲೀತ್ ಮತ್ತು ಉಪಾಟ್ನಿಕ್ಸ್ ಅದನ್ನು ಬಳಸಿ 1964ರಲ್ಲಿ ಒಂದು ಆಟಿಕೆ ರೈಲಿನ ಹೊಲೊಗ್ರಾಂ ತೋರಿಸಿದರು. ಗೇಬರ್ ಅವರಿಗೆ ನೊಬೆಲ್ ಬಂದದ್ದು 1971ರಲ್ಲಿ.

ಈಗ ಪಟ್ಟೆಗಳ ಲೆಕ್ಕಕ್ಕೆ ಬರೋಣ, ತೊಡಕಿರುವುದು ಅಲ್ಲೇ. ಪಟ್ಟೆ ಎಷ್ಟು ಸಣ್ಣದೋ ಬೆಳಕು ಅಷ್ಟು ಹೆಚ್ಚು ಬಾಗುತ್ತದೆ. ಹೆಚ್ಚು ಬಾಗಿದಷ್ಟೂ ಚಿತ್ರವನ್ನು ಅಕ್ಕಪಕ್ಕ ಸರಿದು ನೋಡಲು ಜಾಗ ಸಿಗುತ್ತದೆ. ಹಸಿರು ಲೇಸರಿನ ಅಲೆಯ ಉದ್ದ ಸುಮಾರು ಅರ್ಧ ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಎರಡು ಸಾವಿರದ ಒಂದು ಪಾಲು. 30 ಡಿಗ್ರಿ ಅಗಲದಿಂದ ನೋಡುವಂತೆ ಆಗಬೇಕಾದರೆ ಪರದೆಯ ಒಂದೊಂದು ಚುಕ್ಕಿ ಸುಮಾರು 1 ಮೈಕ್ರಾನ್ ಇರಬೇಕು. ಹತ್ತು ಸೆಂಟಿಮೀಟರ್ ಅಗಲ, ಏಳೂವರೆ ಸೆಂಟಿಮೀಟರ್ ಎತ್ತರದ ಪರದೆ ತಗೊಳ್ಳಿ. ಒಂದು ಪೋಸ್ಟ್ ಕಾರ್ಡಿಗಿಂತಲೂ ಚಿಕ್ಕದು. ಅಗಲದಲ್ಲಿ 1 ಲಕ್ಷ ಚುಕ್ಕಿ, ಎತ್ತರದಲ್ಲಿ 75 ಸಾವಿರ ಚುಕ್ಕಿ. ಗುಣಿಸಿದರೆ 750 ಕೋಟಿ! ಮನೆಯ ಫುಲ್ ಎಚ್.ಡಿ. ಟಿ.ವಿ.ಯಲ್ಲಿ ಇರುವುದು 1920 ಗುಣಿಸು 1080, ಅಂದರೆ ಸುಮಾರು 20.7 ಲಕ್ಷ. ಇದು ಅದರ 3,600 ಪಟ್ಟು. ಸೆಕೆಂಡಿಗೆ 30 ಸಲ ಬದಲಾಗಬೇಕಾದರೆ 22,500 ಕೋಟಿ ಚುಕ್ಕಿ. ಬಣ್ಣ ಬೇಕೆಂದರೆ ಇನ್ನೂ ಮೂರು ಪಟ್ಟು. ಈ ಲೆಕ್ಕವನ್ನು ಕ್ಯಾಲ್ಕುಲೇಟರಿನಲ್ಲಿ ಎರಡು ಸಾರಿ ಮಾಡಿದೆ, ನಂಬಿಕೆ ಬರಲಿಲ್ಲ.

ಸಣ್ಣ ಪ್ರೊಜೆಕ್ಟರುಗಳ ಒಳಗೆ ಇರುವ ದ್ರವ ಸ್ಫಟಿಕದ ಚಿಪ್ಪುಗಳನ್ನು ಇದಕ್ಕೆ ಬಳಸುವುದುಂಟು. ಅವುಗಳಲ್ಲಿ ಸಾಮಾನ್ಯವಾಗಿ ಚುಕ್ಕಿಯ ಅಂತರ 8 ಮೈಕ್ರಾನ್. ಆಗ ನೋಡುವ ಅಗಲ 4 ಡಿಗ್ರಿಗೂ ಕಡಮೆ. ಅರ್ಧ ಮೀಟರ್ ದೂರದಲ್ಲಿ ಕೂತರೆ ಅದು ಮೂರು ಸೆಂಟಿಮೀಟರ್ ಚಿಲ್ಲರೆ. ಮನುಷ್ಯನ ಎರಡು ಕಣ್ಣುಗಳ ನಡುವೆ ಇರುವುದು ಆರು ಸೆಂಟಿಮೀಟರಿಗೂ ಮೇಲೆ. ಹಾಗಾಗಿ ಒಂದು ಕಣ್ಣಿಗೆ ಕಂಡದ್ದು ಇನ್ನೊಂದಕ್ಕೆ ಕಾಣದು. ಇಂಥ ಚಿಪ್ಪಿರುವ ಪ್ರಯೋಗಶಾಲೆಯ ಉಪಕರಣಕ್ಕೇ ಲಕ್ಷಗಟ್ಟಲೆ ಬೆಲೆ.

ಇಷ್ಟು ಚುಕ್ಕಿ ಯಾಕೆ ಬೇಕು, ಕಡಮೆಯಲ್ಲಿ ಮುಗಿಸಲು ಬರುವುದಿಲ್ಲವೆ ಎಂದು ಕೇಳಿದವರು ಸ್ಟೀಫನ್ ಬೆಂಟನ್. ಇವರ ಬುದ್ಧಿ ನನಗೆ ಬಹಳ ಹಿಡಿಸಿತು. ಒಳ್ಳೆಯ ಅಕೌಂಟೆಂಟ್ ಆಗುತ್ತಿದ್ದರು. ನಮ್ಮ ಕಣ್ಣುಗಳು ಒಂದರ ಪಕ್ಕ ಒಂದು ಇವೆ, ಒಂದರ ಮೇಲೆ ಒಂದು ಇಲ್ಲ. ಆಳ ಗೊತ್ತಾಗುವುದು ಎಡ-ಬಲದ ವ್ಯತ್ಯಾಸದಿಂದ. ಹಾಗಿದ್ದ ಮೇಲೆ ಮೇಲೆ-ಕೆಳಗೆ ಬಗ್ಗಿ ನೋಡಿದಾಗ ಚಿತ್ರ ಬದಲಾಗದಿದ್ದರೆ ಏನು ನಷ್ಟ? ಪೋಲರಾಯ್ಡ್ ಕಂಪೆನಿಯಲ್ಲಿದ್ದಾಗ 1968ರಲ್ಲಿ ಅವರು ಮೇಲೆ-ಕೆಳಗಿನದನ್ನು ಬಿಟ್ಟುಕೊಟ್ಟು ಕಾಮನಬಿಲ್ಲಿನ ಹೊಲೊಗ್ರಾಂ ಕಂಡುಹಿಡಿದರು. ಲೇಸರ್ ಇಲ್ಲದೆ ಸಾಮಾನ್ಯ ಬಲ್ಬಿನ ಬೆಳಕಿನಲ್ಲೂ ಅದು ಕಂಡಿತು. ಕಾರ್ಡಿನ ಮೇಲೆ ಇರುವುದು ಆ ವಂಶದ್ದೇ. ಮುಂದೆ ಎಂ.ಐ.ಟಿ.ಯಲ್ಲಿ ವಿಡಿಯೋ ಕೆಲಸಕ್ಕೆ ಕೂತಾಗಲೂ ಅದೇ ಚೌಕಾಸಿ. ನಮ್ಮ ಪೋಸ್ಟ್ ಕಾರ್ಡಿನ ಲೆಕ್ಕದಲ್ಲಿ ಎತ್ತರಕ್ಕೆ 75 ಸಾವಿರದ ಬದಲು ಟಿ.ವಿ.ಯ ಹಾಗೆ 480 ಗೆರೆ ಸಾಕು ಅಂದುಕೊಂಡರೆ 750 ಕೋಟಿ ಇದ್ದದ್ದು 4 ಕೋಟಿ 80 ಲಕ್ಷಕ್ಕೆ ಇಳಿಯುತ್ತದೆ. ಒಂದೇ ಏಟಿಗೆ 156 ಪಟ್ಟು ಉಳಿತಾಯ!

ಆದರೂ ಒಂದೊಂದು ಗೆರೆಯಲ್ಲಿ ಲಕ್ಷ ಚುಕ್ಕಿ ಇರುವ ಪರದೆಯನ್ನು ಮಾಡುವುದು ಹೇಗೆ? ಇಲ್ಲಿ ಕಥೆ ನಮ್ಮ ಬೆಂಗಳೂರಿಗೆ ಬರುತ್ತದೆ. ಇದನ್ನು ಓದಿದಾಗ ನನಗೆ ರೋಮಾಂಚನವಾಯಿತು ಎಂದರೆ ಉತ್ಪ್ರೇಕ್ಷೆ ಅಲ್ಲ.

ಸರ್ ಸಿ. ವಿ. ರಾಮನ್ ಅಂದ ಕೂಡಲೇ ನಾವು ರಾಮನ್ ಪರಿಣಾಮ, 1930ರ ನೊಬೆಲ್ ಎಂದು ಹೇಳಿ ಮುಗಿಸುತ್ತೇವೆ. ಅವರು 1933ರಲ್ಲಿ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿಗೆ ಬಂದರು, 1934ರಲ್ಲಿ ಅಲ್ಲಿ ವಿಜ್ಞಾನ ಅಕಾಡೆಮಿ ಕಟ್ಟಿದರು. ಆಗ ಒಂದು ಹೊಸ ಒಗಟು ಹುಟ್ಟಿತ್ತು. ಕಿವಿಗೆ ಕೇಳದಷ್ಟು ಹೆಚ್ಚು ಕಂಪನದ ಶಬ್ದವನ್ನು ದ್ರವದ ಮೂಲಕ ಹಾಯಿಸಿ, ಅಡ್ಡಲಾಗಿ ಬೆಳಕು ಬಿಟ್ಟರೆ ಬೆಳಕು ಹಲವು ಕವಲಾಗಿ ಒಡೆಯುತ್ತದೆ. ಇದನ್ನು 1932ರಲ್ಲಿ ಅಮೆರಿಕದಲ್ಲಿಯೂ ಫ್ರಾನ್ಸಿನಲ್ಲಿಯೂ ಕಂಡಿದ್ದರು. ಯಾಕೆ ಹೀಗೆ ಎಂಬುದನ್ನು ರಾಮನ್ ಮತ್ತು ಎನ್. ಎಸ್. ನಾಗೇಂದ್ರನಾಥ್ 1935 ಮತ್ತು 1936ರಲ್ಲಿ ಆ ಅಕಾಡೆಮಿಯ ಪತ್ರಿಕೆಯಲ್ಲೇ ಸರಣಿ ಲೇಖನಗಳಲ್ಲಿ ಬಿಡಿಸಿದರು. ಶಬ್ದ ಅಂದರೆ ಒತ್ತಿದ ಜಾಗ, ಸಡಿಲಾದ ಜಾಗ, ಮತ್ತೆ ಒತ್ತಿದ ಜಾಗ. ಒತ್ತಿದ ಕಡೆ ಬೆಳಕು ನಿಧಾನ, ಸಡಿಲಾದ ಕಡೆ ಬೇಗ. ಸಮವಾಗಿ ಬಂದ ಬೆಳಕಿನ ಅಲೆ ತಗಡಿನ ಶೀಟಿನಂತೆ ಏರಿಳಿತಗೊಂಡು ಹೊರಬರುತ್ತದೆ, ಪಟ್ಟೆಗಳ ಮೂಲಕ ಹಾದ ಹಾಗೆ ಬಾಗುತ್ತದೆ. ಇವತ್ತಿಗೂ ಪ್ರಪಂಚದ ಪುಸ್ತಕಗಳಲ್ಲಿ ಇದರ ಹೆಸರು ರಾಮನ್-ನಾಥ್ ವಿವರ್ತನೆ.

ಇದರ ಉಪಯೋಗ ನೋಡಿ. ಚುಕ್ಕಿಗಳನ್ನು ಒಂದೊಂದಾಗಿ ಕಾರ್ಖಾನೆಯಲ್ಲಿ ಕಟ್ಟಬೇಕಾಗಿಯೇ ಇಲ್ಲ! ಕಂಪ್ಯೂಟರ್ ಲೆಕ್ಕ ಹಾಕಿದ ಪಟ್ಟೆಗಳನ್ನು ವಿದ್ಯುತ್ತಾಗಿ ಕೊಟ್ಟರೆ ಅದು ಶಬ್ದವಾಗುತ್ತದೆ, ಶಬ್ದ ಸ್ಫಟಿಕದೊಳಗೆ ಹರಿಯುತ್ತಾ ತಾನೇ ಪಟ್ಟೆಗಳಾಗುತ್ತದೆ. ಬೆಂಟನ್ ಅವರ ತಂಡ 1990ರ ಹೊತ್ತಿಗೆ ಮಾಡಿ ತೋರಿಸಿದ್ದು ಇದನ್ನೇ, ಟೆಲ್ಯೂರಿಯಂ ಡೈ ಆಕ್ಸೈಡ್ ಎಂಬ ಸ್ಫಟಿಕದಲ್ಲಿ. ಶಬ್ದ ಹರಿಯುವುದರಿಂದ ಚಿತ್ರವೂ ಓಡುತ್ತದೆ. ಅದನ್ನು ನಿಲ್ಲಿಸಲು ಎದುರು ದಿಕ್ಕಿಗೆ ತಿರುಗುವ ಕನ್ನಡಿ ಇಟ್ಟರು. ಮೊದಲ ಯಂತ್ರದ ಚಿತ್ರ ಬೆಂಕಿಪೊಟ್ಟಣದಷ್ಟು. ಎರಡನೆಯದರಲ್ಲಿ 144 ಗೆರೆ, ಒಂದೊಂದರಲ್ಲಿ 2,62,144 ಚುಕ್ಕಿ, ಅಗಲ 15 ಸೆಂಟಿಮೀಟರ್. ಅದನ್ನು ನಡೆಸಲು 18 ಶಬ್ದದ ಕಾಲುವೆಗಳು, ಸಾಲು ಕನ್ನಡಿಗಳು, ದೊಡ್ಡ ಮೇಜು. ಮನೆಗೆ ತರುವಂಥದಲ್ಲ. ಬೆಂಟನ್ 2003ರಲ್ಲಿ ತೀರಿಕೊಂಡರು.

ಅಲ್ಲಿಯೇ ಮುಂದೆ ಓದಿದ ಡೇನಿಯಲ್ ಸ್ಮಾಲಿ ಎಂಬ ವಿದ್ಯಾರ್ಥಿ 2013ರ ಜೂನ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಲೇಖನ ಬರೆದ. ಲಿಥಿಯಂ ನಿಯೋಬೇಟ್ ಸ್ಫಟಿಕದ ಮೇಲ್ಮೈಯಲ್ಲಿ ಬೆಳಕಿಗೆ ಸಣ್ಣ ಕಾಲುವೆ ಮಾಡಿ, ಅದರ ಜೊತೆಗೇ ಮೇಲ್ಮೈಯ ಶಬ್ದದ ಅಲೆ ಬಿಟ್ಟರೆ, ಆ ಅಲೆ ಬೆಳಕನ್ನು ಕಾಲುವೆಯಿಂದ ಬೇಕಾದ ಕೋನಕ್ಕೆ ಹೊರಗೆ ಚೆಲ್ಲುತ್ತದೆ. ಕೆಂಪು, ಹಸಿರು, ನೀಲಿ ಮೂರಕ್ಕೂ ಬೇರೆ ಬೇರೆ ಕಂಪನ ಕೊಟ್ಟು ಒಂದೇ ಕಾಲುವೆಯಲ್ಲಿ ನಡೆಸಬಹುದು. ಸೂಕ್ಷ್ಮದರ್ಶಕದ ಗಾಜಿನ ಪಟ್ಟಿಯಂಥ ಆ ಚಿಪ್ಪನ್ನು ಮಾಡಲು ಅವನಿಗೆ ತಗುಲಿದ್ದು ಸುಮಾರು 10 ಡಾಲರ್ ಎಂದು ಎಂ.ಐ.ಟಿ. ಪ್ರಕಟಿಸಿತು. ಆಗಿನ ಲೆಕ್ಕದಲ್ಲಿ 600 ರೂಪಾಯಿ.

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. 600 ರೂಪಾಯಿಯ ಚಿಪ್ಪು ಬಂತು, ಇನ್ನೇನು ಹೊಲೊಗ್ರಾಂ ಟಿ.ವಿ. ಅಂಗಡಿಗೆ ಬಂದೇಬಿಟ್ಟಿತು ಎಂದು ಆಗ ಬಹಳ ಜನ ತಿಳಿದರು. ಹತ್ತು ವರ್ಷದ ಮೇಲಾಯಿತು, ಬಂದಿಲ್ಲ. ನಮ್ಮ ಕಾಸ್ಟಿಂಗ್ ಮೇಡಂ ಮೊದಲ ದಿನವೇ ಹೇಳಿದ್ದರು: ಸಾಮಗ್ರಿಯ ವೆಚ್ಚವೇ ಬೆಲೆ ಅಲ್ಲ. ಆ 600ರಲ್ಲಿ ಪ್ರಯೋಗಶಾಲೆಯ ಯಂತ್ರಗಳಿಲ್ಲ, ಲೇಸರುಗಳಿಲ್ಲ, ಕನ್ನಡಿ-ಮಸೂರಗಳಿಲ್ಲ, ವಿದ್ಯಾರ್ಥಿಯ ಸಂಬಳವಂತೂ ಇಲ್ಲವೇ ಇಲ್ಲ. ಎಲ್ಲದರಲ್ಲೂ ಪ್ರಗತಿ ನಿಂತಿದೆ ಎಂದಲ್ಲ. ಪಟ್ಟೆಗಳ ಲೆಕ್ಕ ಹಾಕುವ ಖರ್ಚು ಬಹಳ ಇಳಿದಿದೆ. ಬೆಂಟನ್ ಕಾಲದಲ್ಲಿ ಅದಕ್ಕೆ ಸೂಪರ್ ಕಂಪ್ಯೂಟರ್ ಬೇಕಿತ್ತು, 2021ರಲ್ಲಿ ಎಂ.ಐ.ಟಿ.ಯವರು ಮನೆಯ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡಿನಲ್ಲಿ ಸೆಕೆಂಡಿಗೆ 60 ಬಣ್ಣದ ಹೊಲೊಗ್ರಾಂ ಲೆಕ್ಕ ಹಾಕಿ ತೋರಿಸಿದರು. ಸ್ಯಾಮ್‌ಸಂಗ್‌ನವರು 2020ರಲ್ಲಿ, ಎಲ್ಲ ಕಡೆಗೂ ಬೆಳಕು ಯಾಕೆ ಕಳಿಸಬೇಕು, ನೋಡುವವನ ಕಣ್ಣು ಎಲ್ಲಿದೆಯೋ ಅಲ್ಲಿಗೆ ಮಾತ್ರ ಕಳಿಸೋಣ ಎಂದು ತೆಳ್ಳಗಿನ ಮಾದರಿಯೊಂದನ್ನು ಮಾಡಿದರು. ಅಂದರೆ ಲೆಕ್ಕ ಅಗ್ಗವಾಯಿತು, ಪರದೆ ಇನ್ನೂ ಆಗಿಲ್ಲ. ಪರದೆಗೆ ಕಾರ್ಖಾನೆ ಬೇಕು, ಕಾರ್ಖಾನೆಗೆ ಆರ್ಡರ್ ಬೇಕು. ಮೊದಲ ಆರ್ಡರ್ ಯಾರು ಕೊಡುತ್ತಾರೆ?

ಈ ಪ್ರಶ್ನೆಗೆ ನಮ್ಮ ಅಜ್ಜನ ಹತ್ತಿರ ಒಂದು ಉತ್ತರ ಇದೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಮ್ಮ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಉಪಗ್ರಹದಿಂದ ನೇರ ಟೆಲಿವಿಷನ್ ತೋರಿಸಿದರು. ಸೈಟ್ ಎಂದು ಅದರ ಹೆಸರು. ಕರ್ನಾಟಕದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳು. ನಮ್ಮೂರು ಪಟ್ಟಿಯಲ್ಲಿ ಇರಲಿಲ್ಲ, ಅಜ್ಜ ಪಕ್ಕದೂರಿಗೆ ನಡೆದು ಹೋಗಿ ನೋಡುತ್ತಿದ್ದನಂತೆ. "ಕೋಳಿ ಬಲೆದಂಥ ಜಾಳಗಿ ಛತ್ರಿ ಮಾಡಿ ಮಾಳಗಿ ಮ್ಯಾಲೆ ಇಟ್ಟಿದ್ರು. ಊರಿಗೆ ಊರೇ ಮುಂದ ಕುಂತಿತ್ತು" ಅನ್ನುತ್ತಾನೆ. ಆ ಸೆಟ್ಟುಗಳನ್ನು ಮಾಡಿದ್ದು ಎಲ್ಲಿ ಗೊತ್ತೆ? ಇಲ್ಲೇ, ಹೈದರಾಬಾದಿನಲ್ಲಿ, 1967ರಲ್ಲಿ ಶುರುವಾದ ಇ.ಸಿ.ಐ.ಎಲ್.ನಲ್ಲಿ. ಆಗ ಹಳ್ಳಿಯ ಸಾಮಾನ್ಯ ರೈತನಿಗೆ ಟಿ.ವಿ. ಕೊಳ್ಳುವ ಶಕ್ತಿ ಇರಲಿಲ್ಲ. ಸರಕಾರ ಒಟ್ಟಿಗೆ ಸಾವಿರಗಟ್ಟಲೆ ಕೊಂಡಿತು, ಒಂದೊಂದನ್ನು ಇಡೀ ಊರು ನೋಡಿತು. ಹೊಲೊಗ್ರಾಂ ಪರದೆಗೂ ಹೀಗೆಯೇ ಆದೀತು ಅನಿಸುತ್ತದೆ. ಮದುವೆ ಮಂಟಪಕ್ಕಿಂತ ಮೊದಲು ಮೆಡಿಕಲ್ ಕಾಲೇಜು, ಆಪರೇಶನ್ ಥಿಯೇಟರು ಇಂಥ ಕಡೆ ನೂರಾರು ಜನ ಒಂದನ್ನು ಹಂಚಿಕೊಂಡು ನೋಡುವ ಜಾಗ ಬೇಕು. ಇದು ನನ್ನ ಅಭಿಪ್ರಾಯ, ಒಪ್ಪದವರು ಬರೆಯಿರಿ.

ಹಾಗಾದರೆ ಮಾವನಿಗೆ ಮಾರಲು ಹೊರಟದ್ದು ಏನು? ನಾನೂ ಮಾವನೂ ಆ ವ್ಯಾಪಾರಿ ತೋರಿಸಿದ ಪ್ರದರ್ಶನಕ್ಕೆ ಹೋದೆವು. ಕತ್ತಲೆ ಹಾಲು. ವೇದಿಕೆ ಮೇಲೆ ಒಬ್ಬ ಹುಡುಗಿ ಗಾಳಿಯಲ್ಲಿ ಕುಣಿಯುತ್ತಿದ್ದಳು. ಚೆಂದ ಇತ್ತು, ಸುಳ್ಳು ಯಾಕೆ ಹೇಳಲಿ. ನಾನು ಎಡಗಡೆ ಗೋಡೆಯ ತನಕ ಸರಿದು ನೋಡಿದೆ, ಅವಳ ಕಿವಿಯ ಓಲೆ ಎಷ್ಟು ಕಾಣುತ್ತಿತ್ತೋ ಅಷ್ಟೇ. ಬಲಗಡೆ ಹೋದೆ, ಆಗಲೂ ಅಷ್ಟೇ. ನಿಜವಾದ ಹೊಲೊಗ್ರಾಂ ಆಗಿದ್ದರೆ ಒಂದು ಕಡೆಯಿಂದ ಮರೆಯಾದದ್ದು ಇನ್ನೊಂದು ಕಡೆಯಿಂದ ಕಾಣಬೇಕು. ಆಮೇಲೆ ಮೊಬೈಲಿನ ಕ್ಯಾಮರಾ ಹಿಡಿದು ಅವಳ ಮುಂಚಾಚಿದ ಕೈಗೆ ಫೋಕಸ್ ಮಾಡಿದೆ. ಹಿಂದಿನ ಜಡೆಯೂ ಅಷ್ಟೇ ಸ್ಪಷ್ಟ ಇತ್ತು. ಕೈ, ಜಡೆ ಎರಡೂ ಒಂದೇ ಸಮತಲದಲ್ಲಿ ಇರಬಹುದು ಎಂದು ಆಗ ಅನಿಸಿತು. ವೇದಿಕೆಯ ಅಂಚಿನಲ್ಲಿ ಬಗ್ಗಿ ನೋಡಿದರೆ ಓರೆಯಾಗಿ ಬಿಗಿದ ಪಾರದರ್ಶಕ ಹಾಳೆ!

ಇದು ಹೊಸದೂ ಅಲ್ಲ. 1862ರಲ್ಲಿ ಲಂಡನ್ನಿನಲ್ಲಿ ಜಾನ್ ಹೆನ್ರಿ ಪೆಪ್ಪರ್ ಎಂಬವರು ಓರೆ ಗಾಜಿನಲ್ಲಿ ಪ್ರತಿಬಿಂಬ ತೋರಿಸಿ ವೇದಿಕೆಗೆ ದೆವ್ವ ತಂದಿದ್ದರು. ಪೆಪ್ಪರನ ದೆವ್ವ ಎಂದೇ ಅದಕ್ಕೆ ಹೆಸರು. 2014ರ ಲೋಕಸಭಾ ಚುನಾವಣೆಯಲ್ಲಿ ಪತ್ರಿಕೆಗಳು ಹೊಲೊಗ್ರಾಂ ಭಾಷಣ ಎಂದು ಬರೆದದ್ದೂ ಈ ಜಾತಿಯದೇ. ನಾಂಪಲ್ಲಿಯ ನುಮಾಯಿಶಿನಲ್ಲಿ ನಾನೇ ನೋಡಿದ, ಹೊಲೊಗ್ರಾಂ ಫ್ಯಾನ್ ಎಂದು ಕೂಗಿ ಕರೆಯುತ್ತಿದ್ದ ಯಂತ್ರ ಇನ್ನೂ ಸರಳ. ದೀಪ ಕೂರಿಸಿದ ರೆಕ್ಕೆಗಳು ಬಿರುಸಾಗಿ ತಿರುಗುತ್ತವೆ, ಕಣ್ಣಿಗೆ ರೆಕ್ಕೆ ಕಾಣದೆ ಚಿತ್ರ ಮಾತ್ರ ಉಳಿಯುತ್ತದೆ. ಅದೂ ಚಪ್ಪಟೆ ಚಿತ್ರವೇ. ಇವು ಕೆಟ್ಟವು ಎಂದು ನಾನು ಹೇಳುವುದಿಲ್ಲ. ಗಾಜು, ಹಾಳೆ, ಒಂದು ಪ್ರೊಜೆಕ್ಟರ್ ಎಂದು ಬಿಲ್ಲು ಬರೆದು ಅದರ ಬೆಲೆಗೆ ಕೊಟ್ಟರೆ ಯಾರ ತಕರಾರೂ ಇಲ್ಲ.

ವ್ಯಾಪಾರಿಗೆ ಇದನ್ನೆಲ್ಲ ಹೇಳಿದೆವು. ಅವನು ಸಿಟ್ಟಾಗಲಿಲ್ಲ, ನಕ್ಕ. "ಊರೆಲ್ಲ ಇದಕ್ಕೇ ಹೊಲೊಗ್ರಾಂ ಅಂತದ, ನೀವೊಬ್ಬರು ಬೇರೆ ಅಂತೀರೇನು?" ಎಂದ. ಮನೆಗೆ ಬರುವ ದಾರಿಯಲ್ಲಿ ಈ ಮಾತು ನನ್ನನ್ನು ಕಾಡಿತು, ಯಾಕೆಂದರೆ ಅದರಲ್ಲಿ ಹುರುಳಿದೆ. 1930ರ ಸರಕು ಮಾರಾಟ ಅಧಿನಿಯಮದ 15ನೆಯ ಕಲಮು ನಮಗೆ ಪಾಠಕ್ಕಿದೆ: ವರ್ಣನೆಯ ಮೇಲೆ ಸರಕು ಮಾರಿದರೆ ಸರಕು ಆ ವರ್ಣನೆಗೆ ಹೊಂದಬೇಕು. ಹೊಲೊಗ್ರಾಫಿಕ್ ಎಂಬ ವರ್ಣನೆಗೆ ಅರ್ಥ ಹೇಳಬೇಕಾದವರು ಯಾರು, ಗೇಬರ್ ಅವರೋ ಮಾರುಕಟ್ಟೆಯೋ? ವ್ಯಾಪಾರದ ರೂಢಿಗೂ ಕಾನೂನಿನಲ್ಲಿ ಜಾಗ ಇದೆ. ನಮ್ಮ ವಾಣಿಜ್ಯ ಕಾನೂನಿನ ಮೇಷ್ಟ್ರು, "ಒಳ್ಳೇ ಪ್ರಶ್ನೆ, ಪರೀಕ್ಷೆಗೆ ಕೇಳ್ತೀನಿ" ಅಂದರು, ಉತ್ತರ ಹೇಳಲಿಲ್ಲ. ಆದರೆ ಒಂದು ಸಂಗತಿ ನಮ್ಮ ಪರ ಇದೆ. ರಸೀತಿಯ ಹಿಂದೆ ವ್ಯಾಪಾರಿ ತನ್ನ ಕೈಯಾರೆ ಒಂದು ಸಾಲು ಬರೆದುಕೊಟ್ಟಿದ್ದಾನೆ, ಮಾವ ಹಟ ಹಿಡಿದು ಬರೆಸಿದ್ದು: ನಾಲ್ಕೂ ಕಡೆಯಿಂದ ನಾಲ್ಕು ತರ ಕಾಣುತ್ತದೆ. ಓದು ಬರಹ ಅಷ್ಟಾಗಿ ಇಲ್ಲದ ಮಾವ ಹೊಲೊಗ್ರಾಮಿನ ಲಕ್ಷಣವನ್ನು ಇಷ್ಟು ಸರಿಯಾಗಿ ಹೇಗೆ ಹಿಡಿದ ಅಂತ ಕೇಳಿದೆ. "ಪೆಂಡಾಲಿನಾಗ ಜನ ನಾಕೂ ಕಡೆ ಕೂಡ್ತಾರ, ಮತ್ತೇನು?" ಅಂದ.

ಆ ಸಾಲನ್ನು ಎತ್ತಿ ಹೇಳಿ, 15ನೆಯ ಕಲಮು ಕಾಣಿಸಿ, ಮುಂಗಡ ವಾಪಸು ಕೇಳಿ ಕಳೆದ ತಿಂಗಳು ರಿಜಿಸ್ಟರ್ ಪತ್ರ ಹಾಕಿದ್ದೇವೆ. ಕರಡು ನನ್ನದು, ಸಹಿ ಮಾವನದು. ಪತ್ರ ತಲುಪಿದ ಹಳದಿ ಚೀಟಿ ಬಂದಿದೆ, ದುಡ್ಡು ಇನ್ನೂ ಬಂದಿಲ್ಲ.